ಜನವರಿಯ ಶಿಕಾಗೋ, ಬಾಗಿಲಿಂದ ಬಾಗಿಲಿಗೆ

ಶಿಕಾಗೋದಲ್ಲಿ ಏನೇನು ನೋಡಬೇಕು ಅಂತ ಹುಡುಕಿದರೆ ಸಿಗುವ ಪಟ್ಟಿಗಳೆಲ್ಲ ಬೇಸಿಗೆಯವು. ನದಿಯಲ್ಲಿ ದೋಣಿ, ಬಕಿಂಗ್‌ಹ್ಯಾಮ್ ಕಾರಂಜಿ, ಮಿಶಿಗನ್ ಸರೋವರದ ದಂಡೆಯಲ್ಲಿ ಸೈಕಲ್. ಜನವರಿಯಲ್ಲಿ ಕಾರಂಜಿ ಬಂದ್, ದೋಣಿಗಳು ಬಹುತೇಕ ನಿಂತಿರುತ್ತವೆ, ದಂಡೆಯಲ್ಲಿ ಎರಡು ನಿಮಿಷ ನಿಂತರೆ ಕಣ್ಣಲ್ಲಿ ನೀರು. ಹಾಗಾಗಿ ನಾನು ಬೇರೆ ಲೆಕ್ಕ ಹಾಕಿದೆ. ಏನು ನೋಡಬೇಕು ಅನ್ನುವುದು ಆಮೇಲೆ. ಮೊದಲು, ಒಂದು ಬಾಗಿಲಿಂದ ಇನ್ನೊಂದು ಬಾಗಿಲಿಗೆ ಹೊರಗಡೆ ಎಷ್ಟು ನಿಮಿಷ ನಡೆಯಬೇಕು? ಹತ್ತು ನಿಮಿಷ ದಾಟಿದರೆ ನಡುವೆ ಬಸ್ಸೋ ರೈಲೋ ಇರಬೇಕು. ಇಲ್ಲ ಅಂದ್ರೆ ಆ ಜಾಗ ಎಷ್ಟೇ ಹೆಸರುವಾಸಿ ಆಗಿರಲಿ, ಪಟ್ಟಿಯಿಂದ ಹೊರಗೆ.

ಇಷ್ಟು ಕಟ್ಟುನಿಟ್ಟು ಯಾಕೆ ಅಂದ್ರೆ ಜೊತೆಗಿದ್ದವರು ಅಪ್ಪ, ಅಮ್ಮ. ಚನ್ನಗಿರಿ ಕಡೆಯವರು. ಅಡಿಕೆ ಕೊಯ್ಲು, ಬೇಯಿಸುವುದು, ಒಣಗಿಸುವುದು ಮುಗಿಯದೆ ಮನೆ ಬಿಡುವವರಲ್ಲ. ಉಳಿದವರ ಅಪ್ಪ-ಅಮ್ಮ ಮೇ ತಿಂಗಳಲ್ಲಿ ಅಮೆರಿಕಕ್ಕೆ ಬಂದರೆ ನಮ್ಮವರು ಬಂದಿದ್ದು ಸಂಕ್ರಾಂತಿ ಹೊತ್ತಿಗೆ. ನಾವಿರುವುದು ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್‌ನಲ್ಲಿ. ಸುತ್ತ ಬರೀ ಜೋಳದ ಹೊಲ, ಅದೂ ಚಳಿಗಾಲದಲ್ಲಿ ಬೋಳು. ಇಷ್ಟು ದೂರ ಬಂದವರಿಗೆ ಒಂದು ದೊಡ್ಡ ಊರು ತೋರಿಸದೆ ಕಳಿಸೋಕಾಗುತ್ತಾ?

ಮೊದಲು ಚಳಿಯ ವಿಷಯ. ಶಿಕಾಗೋದ ಜನವರಿಯಲ್ಲಿ ಸರಾಸರಿ ಹಗಲಿನ ತಾಪಮಾನ ಸೊನ್ನೆ ಡಿಗ್ರಿ ಆಸುಪಾಸು, ರಾತ್ರಿ ಮೈನಸ್ 8ರ ಹತ್ತಿರ. ಇದನ್ನು ತಡೆದುಕೊಳ್ಳಬಹುದು. ಆದರೆ ಸರಾಸರಿ ನಂಬಿ ಹೋಗುವ ಊರಲ್ಲ ಅದು. 1985ರ ಜನವರಿ 20ರಂದು ಮೈನಸ್ 33ಕ್ಕೆ ಇಳಿದಿತ್ತು. 2019ರ ಜನವರಿ 30ರಂದು ಮೈನಸ್ 31. ಆಗೆಲ್ಲ ರೈಲು ಹಳಿಗಳ ಜೋಡಣೆ ಹೆಪ್ಪುಗಟ್ಟದಿರಲಿ ಅಂತ ಪಕ್ಕದಲ್ಲಿ ಗ್ಯಾಸ್ ಉರಿ ಹಚ್ಚಿಡುತ್ತಾರೆ. ಅದಕ್ಕೇ ಕೊನೆ ಗಳಿಗೆಯಲ್ಲೂ ರದ್ದು ಮಾಡಬಹುದಾದ ಹೋಟೆಲನ್ನೇ ಹಿಡಿದೆ, ಸ್ವಲ್ಪ ಜಾಸ್ತಿ ಆದರೂ ಸರಿ ಅಂತ. ಹೊರಡುವ ವಾರ ಹವಾಮಾನ ನೋಡುವಾಗ ಬರೀ ಡಿಗ್ರಿ ನೋಡಲಿಲ್ಲ, ಗಾಳಿ ಸೇರಿಸಿ ಮೈಗೆ ಎಷ್ಟು ಚಳಿ ಅನಿಸುತ್ತದೆ ಅನ್ನುವ ಅಂಕಿ ನೋಡಿದೆ. ಅದು ಮೈನಸ್ 18ಕ್ಕಿಂತ ಕೆಳಗೆ ಹೋದರೆ ಮುಂದಿನ ವಾರಕ್ಕೆ ತಳ್ಳುವುದು ಅಂತ ಮೊದಲೇ ಮನೆಯಲ್ಲಿ ಹೇಳಿಟ್ಟಿದ್ದೆ.

ಯಾವ ವಾರ ಅನ್ನೋದು ಹವಾಮಾನಕ್ಕೆ ಬಿಟ್ಟಿದ್ದು. ವಾರದ ಯಾವ ದಿನಗಳು ಅನ್ನೋದನ್ನ ಮಾತ್ರ ತುಂಬಾ ಯೋಚಿಸಿ, ಗುರುವಾರದಿಂದ ಶನಿವಾರ ಅಂತ ಇಟ್ಟುಕೊಂಡೆ. ಆರ್ಟ್ ಇನ್‌ಸ್ಟಿಟ್ಯೂಟ್ ಅನ್ನುವ ಕಲಾ ಮ್ಯೂಸಿಯಂ ಮಂಗಳವಾರ, ಬುಧವಾರ ಮುಚ್ಚಿರುತ್ತದೆ, ಗುರುವಾರ ರಾತ್ರಿ 8ರವರೆಗೂ ತೆರೆದಿರುತ್ತದೆ. ಜನವರಿಯಲ್ಲಿ ಐದು ಗಂಟೆ ಸುಮಾರಿಗೇ ಕತ್ತಲಾಗುವ ಊರಲ್ಲಿ ಈ ಮೂರು ಗಂಟೆಗೆ ತುಂಬಾ ಬೆಲೆ. ಇನ್ನೊಂದು ಕಾರಣ ಪೆಡ್‌ವೇ. ಊರಿನ ನಡುಭಾಗದ ಕಟ್ಟಡಗಳನ್ನು ನೆಲದಡಿಯಲ್ಲೇ ಸೇರಿಸುವ ದಾರಿ ಇದು. 1951ರಲ್ಲಿ ಎರಡು ಸುರಂಗ ರೈಲು ಮಾರ್ಗಗಳನ್ನು ಜೋಡಿಸಲು ಶುರುವಾಗಿ, ಆಮೇಲೆ ಒಂದೊಂದೇ ಕಟ್ಟಡ ಸೇರಿಕೊಂಡು ಬೆಳೆದಿದ್ದು. ಸಿಟಿ ಹಾಲ್, ಡೇಲಿ ಸೆಂಟರ್, ಬ್ಲಾಕ್ 37, ಮೇಸೀಸ್ ಅಂಗಡಿ, ಕಲ್ಚರಲ್ ಸೆಂಟರ್, ಮಿಲೇನಿಯಂ ಸ್ಟೇಷನ್, ಇವೆಲ್ಲ ಅದರ ಮೇಲೆ ಕೂತಿವೆ. ಆದರೆ ಇದು ಕಚೇರಿಗೆ ಹೋಗುವವರ ದಾರಿ. ಸಂಜೆ ಮತ್ತು ವಾರಾಂತ್ಯದಲ್ಲಿ ಇದರ ಎಷ್ಟೋ ಬಾಗಿಲು ಹಾಕಿರುತ್ತವೆ. ಒಳಗೆ ಫೋನಿನ ನಕ್ಷೆ ಕೆಲಸಕ್ಕೆ ಬರಲ್ಲ, ಗೋಡೆಯ ಮೇಲಿನ ದಿಕ್ಸೂಚಿ ಗುರುತನ್ನೇ ಹಿಡಿದು ಹೋಗಬೇಕು. ಅಂದವಾಗಿದೆ ಅಂತ ಮಾತ್ರ ಹೇಳಲಾರೆ. ಕೆಲವು ಕಡೆ ಹಳೇ ಆಸ್ಪತ್ರೆಯ ಕಾರಿಡಾರ್ ಥರ ಇದೆ. ಬೆಚ್ಚಗಿದೆ, ಅಷ್ಟು ಸಾಕು.

ಜನವರಿ, ಫೆಬ್ರವರಿಯಲ್ಲಿ ಅಲ್ಲಿ ಹೋಟೆಲ್ ದರ ವರ್ಷದಲ್ಲೇ ಕಡಿಮೆ. ಆದರೆ ತೆರಿಗೆ ಶೇ 17ಕ್ಕೂ ಜಾಸ್ತಿ, ಆ ಮೊತ್ತ ಸೇರಿಸಿಯೇ ಹೋಲಿಸಿ ನೋಡಿ. ನಾನು ಲೂಪ್‌ನಲ್ಲೇ, ಅಂದ್ರೆ ಊರಿನ ನಡುಭಾಗದಲ್ಲೇ ಉಳಿದೆ, ರೈಲು ನಿಲ್ದಾಣದಿಂದ ಒಂದೇ ಬ್ಲಾಕ್. ನದಿಯ ಆಚೆ ಇನ್ನೂ ಚೆಂದದ ಹೋಟೆಲುಗಳಿವೆ, ಆದರೆ ಪ್ರತಿ ಸಲ ಸೇತುವೆ ದಾಟಬೇಕು. ಗಾಳಿ ಅಲ್ಲೇ ಜೋರು.

ಕಾರು ಮನೆಯಲ್ಲೇ ಇರಲಿ. ಪಾರ್ಕಿಂಗ್ ಖರ್ಚಿನ ಜೊತೆಗೆ ಇನ್ನೊಂದು ತೊಡಕಿದೆ. ಡಿಸೆಂಬರ್ 1ರಿಂದ ಏಪ್ರಿಲ್ 1ರವರೆಗೆ ಮುಖ್ಯ ರಸ್ತೆಗಳ ಸುಮಾರು 107 ಮೈಲಿ ಉದ್ದಕ್ಕೂ ಬೆಳಗಿನ ಜಾವ 3ರಿಂದ 7ರವರೆಗೆ ಗಾಡಿ ನಿಲ್ಲಿಸುವಂತಿಲ್ಲ. ಹಿಮ ಬಿದ್ದಿರಲಿ, ಬಿಡಲಿ, ಎಳೆದುಕೊಂಡು ಹೋಗುತ್ತಾರೆ. ಹಿಮ ತೋಡಿ ಜಾಗ ಮಾಡಿಕೊಂಡವರು ಅಲ್ಲಿ ಹಳೇ ಕುರ್ಚಿ, ಇಸ್ತ್ರಿ ಮೇಜು ಇಟ್ಟು ಜಾಗ ಹಿಡಿಯುವ ಪದ್ಧತಿಯೂ ಇದೆ. ನಮ್ಮ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕುವುದು ನೋಡಿದ ಅಪ್ಪನಿಗೆ ಇದನ್ನು ವಿವರಿಸಬೇಕಾಗಲಿಲ್ಲ. ನಾವು ಬ್ಲೂಮಿಂಗ್ಟನ್‌ಗೆ ಅಂಟಿಕೊಂಡಿರುವ ನಾರ್ಮಲ್ ಊರಿನಿಂದ ಆಮ್‌ಟ್ರ್ಯಾಕ್ ರೈಲು ಹತ್ತಿದೆವು. ಎರಡೂವರೆ ಗಂಟೆ ಒಳಗೆ ಶಿಕಾಗೋ ಯೂನಿಯನ್ ಸ್ಟೇಷನ್. ವಿಮಾನದಲ್ಲಿ ಬರುವವರಿಗೆ ಓಹೇರ್‌ನಿಂದ ಬ್ಲೂ ಲೈನ್ ರೈಲು ರಾತ್ರಿ ಹಗಲು ಓಡುತ್ತದೆ.

ಬಟ್ಟೆ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಅಮ್ಮನ ಸೀರೆ ಬಗ್ಗೆ ಮಾತ್ರ ಬರೀತೀನಿ. ಒಳಗೆ ಥರ್ಮಲ್ ಹಾಕಿದರೆ ಸೀರೆಯಲ್ಲೂ ಚಳಿ ತಡೆಯಬಹುದು. ತೊಂದರೆ ಚಳಿಯದಲ್ಲ, ಅಂಚಿನದು. ಹಿಮ ಕರಗಲಿ ಅಂತ ಫುಟ್‌ಪಾತ್ ತುಂಬಾ ಉಪ್ಪು ಸುರಿದಿರುತ್ತಾರೆ. ಆ ಉಪ್ಪಿನ ಕೆಸರು ಸೀರೆ ಅಂಚಿಗೆ ಹತ್ತಿದರೆ ಒದ್ದೆಯಾಗಿ ಕಾಲಿಗೆ ಅಂಟಿ ಕೊರೆಯುತ್ತದೆ. ಅಮ್ಮ ಚೂಡಿದಾರಕ್ಕೆ ಒಪ್ಪಿದರು, ಫೋಟೋಗೆ ಅಂತ ಒಂದು ಸೀರೆ ಚೀಲದಲ್ಲಿಟ್ಟುಕೊಂಡೇ. ಕೋಟು, ಬೂಟು ಹೊಸದು ಕೊಳ್ಳಲಿಲ್ಲ. ಇಬ್ಬರಿಗೂ ಸ್ನೇಹಿತರ ಮನೆಗಳಿಂದ ಸಿಕ್ಕವು. ಬೂಟಿಗೆ ಸಿಕ್ಕಿಸುವ ಸ್ಪೈಕ್ ಮಾತ್ರ ಕೊಂಡೆ. ಒಳಗೆ ಅಮೃತಶಿಲೆಯ ನೆಲ ಸಿಕ್ಕ ತಕ್ಷಣ ಅದನ್ನು ಬಿಚ್ಚಬೇಕು, ಜಾರುತ್ತದೆ.

ಗುರುವಾರ ಆರ್ಟ್ ಇನ್‌ಸ್ಟಿಟ್ಯೂಟ್‌ನಿಂದಲೇ ಶುರು ಮಾಡಿದೆ. ಕಾರಣ ಚಿತ್ರಗಳಲ್ಲ. 1893ರ ಸೆಪ್ಟೆಂಬರ್ 11ರಂದು ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ನಡೆದಿದ್ದು ಇದೇ ಕಟ್ಟಡದಲ್ಲಿ. ಮುಂದಿನ ಮಿಶಿಗನ್ ಅವೆನ್ಯೂ ತುಂಡಿಗೆ ಅವರ ಹೆಸರಿನ ಫಲಕವೂ ಇದೆ. ಅದರ ಹಿಂದಿನ ವರ್ಷ ಅವರು ಬೆಳಗಾವಿ, ಬೆಂಗಳೂರು, ಮೈಸೂರು ಸುತ್ತಿದ್ದರು, ಹತ್ತನೇ ಚಾಮರಾಜ ಒಡೆಯರ ಅತಿಥಿಯಾಗಿದ್ದರು. 1894ರ ಜೂನ್‌ನಲ್ಲಿ ಅದೇ ಮಹಾರಾಜರಿಗೆ ಶಿಕಾಗೋದಿಂದ ಪತ್ರ ಬರೆದರು. ಇಷ್ಟು ಕೇಳಿದ ಮೇಲೆ ಅಪ್ಪನಿಗೆ ಈ ಊರು ಪರ ಊರು ಅನಿಸಲಿಲ್ಲ. ಇಲಿನಾಯ್ ನಿವಾಸಿಗಳಿಗೆ ಚಳಿಗಾಲದಲ್ಲಿ ಇಲ್ಲಿನ ಮ್ಯೂಸಿಯಂಗಳಲ್ಲಿ ಕೆಲವು ಉಚಿತ ದಿನಗಳಿರುತ್ತವೆ, ವಿಳಾಸದ ಗುರುತಿನ ಚೀಟಿ ಬೇಕು. ಊರಿಂದ ಬಂದ ಅಪ್ಪ-ಅಮ್ಮನ ಹತ್ತಿರ ಅದು ಇರಲ್ಲ, ಅಲ್ವಾ. ಅವರ ಟಿಕೆಟ್ ದುಡ್ಡು ಲೆಕ್ಕದಲ್ಲಿ ಇರಲಿ.

ಶುಕ್ರವಾರ ಪೆಡ್‌ವೇ ದಿನ. ಕಲ್ಚರಲ್ ಸೆಂಟರ್ 1897ರಲ್ಲಿ ಊರಿನ ಗ್ರಂಥಾಲಯವಾಗಿ ಕಟ್ಟಿದ್ದು. ಮೇಲೆ ಟಿಫನಿ ಅನ್ನುವ ಹೆಸರಾಂತ ಕಂಪನಿಯ 38 ಅಡಿ ಅಗಲದ ಬಣ್ಣದ ಗಾಜಿನ ಗುಮ್ಮಟ, ಪ್ರವೇಶ ಉಚಿತ. ನೆಲದಡಿಯಿಂದಲೇ ಮೇಸೀಸ್‌ಗೆ ಬಂದರೆ ಅಲ್ಲಿಯೂ ಟಿಫನಿಯವರ ಚಾವಣಿ. ದುಡ್ಡು ಕೊಟ್ಟು ನೋಡಿದ ಎಷ್ಟೋ ಜಾಗಕ್ಕಿಂತ ಈ ಎರಡು ನನಗೆ ಹಿಡಿಸಿದವು. ಕ್ಲೌಡ್ ಗೇಟ್ ಅನ್ನುವ ಆ ಹೊಳೆಯುವ ದೊಡ್ಡ ಬೀನ್ ಆಕಾರದ ಶಿಲ್ಪ ರಸ್ತೆ ದಾಟಿದರೆ ಸಿಗುತ್ತದೆ. ಫೋಟೋ, ವಾಪಸ್.

ವಿಲ್ಲಿಸ್ ಟವರ್ ಟಿಕೆಟನ್ನು ಮುಂಚೆ ಕೊಳ್ಳಲಿಲ್ಲ. ಚಳಿಗಾಲದ ಮೋಡ ಕೆಳಗಿಳಿದರೆ 103ನೇ ಮಹಡಿಯಿಂದ ಬಿಳಿ ಬಿಟ್ಟು ಬೇರೇನೂ ಕಾಣಲ್ಲ. ಬೆಳಿಗ್ಗೆ ಕಿಟಕಿಯಿಂದ ಗೋಪುರದ ತುದಿ ಕಂಡ ಮೇಲೆ ಕೊಂಡೆ. ಜನವರಿಯಲ್ಲಿ ಟಿಕೆಟ್ ಸಿಗದೇ ಹೋಗುವ ಭಯ ಕಡಿಮೆ. ಅಂಥ 442 ಮೀಟರ್ ಕಟ್ಟಡ ಗಾಳಿಗೆ ನಿಲ್ಲುವಂತೆ ಕೊಳವೆಗಳ ಕಟ್ಟಿನ ವಿನ್ಯಾಸ ಮಾಡಿದ್ದು ಢಾಕಾದಲ್ಲಿ ಹುಟ್ಟಿದ ಫಜ್ಲುರ್ ರಹಮಾನ್ ಖಾನ್. ಗಾಜಿನ ನೆಲದ ಮೇಲೆ ಅಮ್ಮ ನಿಂತರು, ಅಪ್ಪ ನಿಲ್ಲಲಿಲ್ಲ. ಕೆಳಗೆ ಬಂದು ಪಕ್ಕದ ಕ್ವಿನ್ಸಿ ನಿಲ್ದಾಣದಲ್ಲಿ ಕಂಬಗಳ ಮೇಲೆ ಓಡುವ ರೈಲು ಹತ್ತಿದೆವು. 1897ರ ರೂಪದಲ್ಲೇ ಉಳಿಸಿಕೊಂಡಿರುವ ನಿಲ್ದಾಣ, ಲಿಫ್ಟೂ ಇದೆ. ಎಲ್ಲ ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲ, ಮಂಡಿ ನೋವಿನವರು ಜೊತೆಗಿದ್ದರೆ ನಕ್ಷೆಯಲ್ಲಿ ಮೊದಲೇ ನೋಡಿಕೊಳ್ಳಿ. ಪ್ಲಾಟ್‌ಫಾರ್ಮ್‌ನಲ್ಲಿ ಗುಂಡಿ ಒತ್ತಿದರೆ ತಲೆ ಮೇಲೆ ಹೀಟರ್ ಹತ್ತಿಕೊಳ್ಳುತ್ತದೆ. ಬ್ರೌನ್ ಲೈನ್‌ನಲ್ಲಿ ಕೂತು ಸುಮ್ನೆ ಕೊನೆಯವರೆಗೂ ಹೋಗಿ ಬಂದೆವು. ಎರಡನೇ ಮಹಡಿಯ ಎತ್ತರದಲ್ಲಿ, ಬೆಚ್ಚಗೆ, ಜನರ ಹಿತ್ತಲು, ಮರದ ಮೆಟ್ಟಿಲು, ಹೆಪ್ಪುಗಟ್ಟಿದ ನದಿ ಎಲ್ಲ ಕಂಡವು. ದೋಣಿ ಸವಾರಿ ಇಲ್ಲದ ಕೊರತೆಯನ್ನು ಇದು ತುಂಬಿತು.

ಊಟಕ್ಕೆ ಡೀಪ್ ಡಿಶ್ ಪಿಜ್ಜಾ, ಆಳದ ತಟ್ಟೆಯಲ್ಲಿ ಬೇಯಿಸುವ ದಪ್ಪ ಪಿಜ್ಜಾ. ಬೇಯಲು ಅರ್ಧ ಗಂಟೆ ಮೇಲೆ ಬೇಕು, ಚಳಿಯಲ್ಲಿ ಕೂರಲು ಅದೂ ಒಂದು ನೆಪ. ಸಪ್ಪೆ ಅನ್ನುವವರು ಜಾರ್ಡಿನೇರಾ ಕೇಳಿ ಪಡೆಯಬೇಕು. ಮೆಣಸಿನಕಾಯಿ, ಹೂಕೋಸು, ಕ್ಯಾರೆಟ್ ಎಣ್ಣೆಯಲ್ಲಿ ಹಾಕಿಟ್ಟ ಶಿಕಾಗೋದ ಉಪ್ಪಿನಕಾಯಿ. ನಮ್ಮ ಚಟ್ನಿಪುಡಿ ಡಬ್ಬಿ ಚೀಲದಿಂದ ಹೊರಗೆ ಬರಲೇ ಇಲ್ಲ.

ಶನಿವಾರ ಲೂಪ್ ಬಿಟ್ಟು ಹೊರಗೆ. ಬೆಳಿಗ್ಗೆ ಗ್ರೀನ್ ಲೈನ್ ಹಿಡಿದು ಗಾರ್ಫೀಲ್ಡ್ ಪಾರ್ಕ್ ಕನ್ಸರ್ವೇಟರಿ, ನಿಲ್ದಾಣ ಅದರ ಪಕ್ಕದಲ್ಲೇ. 1908ರಲ್ಲಿ ತೆರೆದ ದೊಡ್ಡ ಗಾಜಿನ ಮನೆ, ಸಮಯ ಮೊದಲೇ ಕಾದಿರಿಸಿಕೊಂಡರೆ ಒಳ್ಳೆಯದು. ಬಾಗಿಲು ತೆರೆದ ಕೂಡಲೇ ಕನ್ನಡಕ, ಕ್ಯಾಮೆರಾ ಎರಡೂ ಮಂಜಾಗುತ್ತವೆ. ಒಳಗೆ ತಾಳೆ ಜಾತಿಯ ಮರಗಳು, ಜರೀಗಿಡ, ಹಸಿ ಮಣ್ಣಿನ ವಾಸನೆ. ಅಪ್ಪ ಮೊದಲ ಸಲ ಕೋಟು ಬಿಚ್ಚಿ ಕೈಗೆ ಕೊಟ್ಟರು. ಮಧ್ಯಾಹ್ನ ರೆಡ್ ಲೈನ್‌ನಲ್ಲಿ ಲೊಯೋಲಾವರೆಗೆ, ಅಲ್ಲಿಂದ 155 ನಂಬರ್ ಬಸ್ಸಿನಲ್ಲಿ ಡೆವನ್ ಅವೆನ್ಯೂ. ಭಾರತೀಯ ದಿನಸಿ ಮಾರುವ ಪಟೇಲ್ ಬ್ರದರ್ಸ್‌ನ ಮೊದಲ ಅಂಗಡಿ 1974ರಲ್ಲಿ ಶುರುವಾದ ರಸ್ತೆ ಇದು. ಸೀರೆ, ಸಿಹಿ, ದಿನಸಿ, ಪಾನ್ ಎಲ್ಲ ಅಂಟಿಕೊಂಡೇ ಇರುವ ಅಂಗಡಿಗಳು. ಒಂದರಿಂದ ಹೊರಟು ಇನ್ನೊಂದಕ್ಕೆ ನುಗ್ಗಬಹುದು, ನನ್ನ ಬಾಗಿಲಿನ ಲೆಕ್ಕಕ್ಕೆ ಹೇಳಿ ಮಾಡಿಸಿದ ಜಾಗ. ಅಡಿಕೆ ಪ್ಯಾಕೆಟ್ ಬೆಲೆ ನೋಡಿದ ಅಪ್ಪ ಅದನ್ನು ಕ್ವಿಂಟಾಲಿಗೆ ತಿರುಗಿಸಿ ಲೆಕ್ಕ ಹಾಕುತ್ತಾ ಕಾಲು ಗಂಟೆ ಅಲ್ಲೇ ನಿಂತರು.

ಜಲಾಂತರ್ಗಾಮಿ ಇರುವ ವಿಜ್ಞಾನ ಮ್ಯೂಸಿಯಂ, ಡೈನೋಸಾರ್ ಇರುವ ಫೀಲ್ಡ್ ಮ್ಯೂಸಿಯಂ ಎರಡನ್ನೂ ಬಿಟ್ಟೆ. ಎರಡೂ ಚೆನ್ನಾಗಿವೆ, ಮಕ್ಕಳಿದ್ದರೆ ಬಿಡಬಾರದು. ಆದರೆ ಎರಡಕ್ಕೂ ಅರ್ಧ ದಿನಕ್ಕಿಂತ ಜಾಸ್ತಿ ಬೇಕು, ಫೀಲ್ಡ್ ಮ್ಯೂಸಿಯಂ ಸುತ್ತ ಸರೋವರದ ಗಾಳಿಗೆ ಅಡ್ಡ ಏನೂ ಇಲ್ಲ.

ವಾಪಸ್ ರೈಲಿಗೆ ಒಂದು ಮಾತು. ಹಿಮದ ಕಾಲದಲ್ಲಿ ದಿನದ ಕೊನೆಯ ರೈಲು ಕಾದಿರಿಸಬೇಡಿ, ಅದರ ಹಿಂದಿನದು ಹಿಡಿಯಿರಿ. ಕೈಕೊಟ್ಟರೆ ಇನ್ನೊಂದು ಉಳಿದಿರುತ್ತದೆ. ಬೇಗ ಬಂದರೂ ನಷ್ಟ ಇಲ್ಲ. ಯೂನಿಯನ್ ಸ್ಟೇಷನ್‌ನ ಗ್ರೇಟ್ ಹಾಲ್‌ನಲ್ಲಿ ಉದ್ದನೆಯ ಮರದ ಬೆಂಚುಗಳಿವೆ, ಡೆವನ್‌ನಿಂದ ಕಟ್ಟಿಸಿಕೊಂಡು ಬಂದ ದೋಸೆಯನ್ನು ನಾವು ಅಲ್ಲೇ ತಿಂದೆವು.