ಮೊದಲು ಬಸ್ಸು, ಆಮೇಲೆ ಡರ್ಖೀಮ್: ನನ್ನ ಅನುಭವ

ಬೆಂಗಳೂರಿನ ಕಾಲೇಜೊಂದರಲ್ಲಿ ಬಿ.ಎ. ಮೊದಲ ವರ್ಷಕ್ಕೆ ಸಮಾಜಶಾಸ್ತ್ರದ ಪರಿಚಯ ಪೇಪರ್ ಕಲಿಸಲು ಶುರುಮಾಡಿ ಹನ್ನೊಂದು ವರ್ಷ ಆಯಿತು. ಮೊದಲ ಆರು ವರ್ಷ ಎಲ್ಲರ ಹಾಗೇ ಮಾಡಿದೆ. ಸಮಾಜಶಾಸ್ತ್ರಕ್ಕೆ ಹೆಸರಿಟ್ಟ ಅಗಸ್ಟ್ ಕಾಮ್ಟ್‌ನಿಂದ ಶುರು, ವ್ಯಾಖ್ಯೆ ಬರೆಸು, ನೋಟ್ಸ್ ಕೊಡು. ಮಕ್ಕಳು ಬಾಯಿಪಾಠ ಮಾಡುತ್ತಿದ್ದರು. ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೆ ಮುಗೀತು. ನನ್ನ ನೆನಪಲ್ಲಿ 60ಕ್ಕೆ 18-20 ಜನ ಫೇಲ್.

ಆಮೇಲೆ ಕ್ರಮವನ್ನೇ ತಿರುಗಿಸಿದೆ. ಮೊದಲು ನೋಡುವುದು, ಹೆಸರು ಆಮೇಲೆ. ವಾರಕ್ಕೊಂದು ಪುಟ, ಕಣ್ಣಾರೆ ಕಂಡದ್ದು ಮಾತ್ರ. 'ಸಮಾಜ', 'ಸಂಸ್ಕೃತಿ', 'ಮೌಲ್ಯ' ಅನ್ನುವ ಮೂರು ಪದ ಬಳಸುವ ಹಾಗಿಲ್ಲ. ಆ ಪುಟಕ್ಕೆ ಯಾವ ಚಿಂತಕರ ಮಾತು ಹೊಂದುತ್ತದೆ ಅಂತ ಶುಕ್ರವಾರ ನಾನು ಹೇಳುತ್ತೇನೆ. ಸ್ಟಾಫ್ ರೂಮಲ್ಲಿ ಯಾರೂ ನಂಬಲಿಲ್ಲ. "ಸಿಲಬಸ್ ಯಾರು ಮುಗಿಸ್ತಾರೆ ಮೇಡಂ?" ಅಂದರು ಒಬ್ಬರು.

ಮೊದಲ ವರ್ಷ ನಿಜಕ್ಕೂ ಕೆಟ್ಟಿತು. ಐವತ್ತಕ್ಕೂ ಹೆಚ್ಚು ಮಕ್ಕಳನ್ನು ಬೆಳಗ್ಗೆ ಆರೂವರೆಗೆ ಒಟ್ಟಿಗೆ ಕೆ.ಆರ್. ಮಾರ್ಕೆಟ್‌ಗೆ ಕರೆದುಕೊಂಡು ಹೋದೆ. ಹೂವಿನ ಮೂಟೆ ಹೊತ್ತವರಿಗೆ ದಾರಿಯೇ ಇಲ್ಲ. "ವ್ಯಾಪಾರದ ಹೊತ್ತಲ್ಲಿ ಏನಮ್ಮಾ ಇದು, ಪಕ್ಕಕ್ಕೆ ಕರ್ಕೊಳ್ಳಿ" ಅಂತ ಸೇವಂತಿಗೆ ಮಾರುವ ಅಜ್ಜಿ ಬೈದರು. ಒಬ್ಬನ ಫೋನ್ ಹೋಯಿತು. ಬಸ್ಸು, ಟೀ, ಇಡ್ಲಿ ಸೇರಿ ನನ್ನ ಕೈಯಿಂದ 3,000ದ ಹತ್ತಿರ ಖರ್ಚು. ಬಂದ ಪುಟಗಳಲ್ಲೆಲ್ಲ ಒಂದೇ ಮಾತು: "ಮಾರುಕಟ್ಟೆ ಬಹಳ ಗದ್ದಲವಾಗಿತ್ತು."

ಅವತ್ತಿಂದ ಗುಂಪು ಕಟ್ಟಿಕೊಂಡು ಹೋಗುವುದು ಬಿಟ್ಟೆ. ಅವರವರ ದಾರಿ, ಅವರವರ ಮನೆ ಸಾಕು. ಈಗಿನ ಖರ್ಚು ಅಂದರೆ ಅವೆನ್ಯೂ ರಸ್ತೆಯಲ್ಲಿ ಸಗಟಿಗೆ ತರುವ ನೋಟ್‌ಬುಕ್ಕು. ಕಳೆದ ಸಲ ಒಂದಕ್ಕೆ 22-23 ರೂಪಾಯಿ, ಒಟ್ಟು 1,400ರ ಆಸುಪಾಸು. ಕಾಲೇಜಿಂದ ಒಂದು ರೂಪಾಯಿಯೂ ಬರಲಿಲ್ಲ. ಕೇಳಿದ್ದೆ, ಕೊಡಲಿಲ್ಲ.

ಮೊದಲು ಫಲ ಕೊಟ್ಟಿದ್ದು ಬಿ.ಎಂ.ಟಿ.ಸಿ. ಬಸ್ಸು. ಮೆಜೆಸ್ಟಿಕ್‌ನಿಂದ ಬರುವ ಹುಡುಗಿಯೊಬ್ಬಳು ಬರೆದಳು: ನಿಂತವರು ಏನೂ ಕೇಳದೆ ತಮ್ಮ ಬ್ಯಾಗನ್ನು ಕೂತವರ ತೊಡೆ ಮೇಲೆ ಇಡುತ್ತಾರೆ, ಕೂತವರು ಹಿಡಿದುಕೊಳ್ಳುತ್ತಾರೆ, ಇಬ್ಬರಿಗೂ ಗುರುತಿಲ್ಲ. ಇದನ್ನು ಯಾವ ಬೋರ್ಡಿನಲ್ಲೂ ಬರೆದಿಲ್ಲ, ಅಲ್ವಾ? ಮಾರನೇ ವಾರ ಅವಳು ಬೇಕಂತಲೇ "ಹಿಡ್ಕೊಳಲ್ಲ" ಅಂದಳು. ಬ್ಯಾಗಿನವರು ಏನೂ ಅನ್ನಲಿಲ್ಲ. ಹಿಂದಿನ ಸೀಟಿನವರು "ಓದಿದೋರೇ ಹಿಂಗೆ" ಅಂದರು. ಎರಡು ಸ್ಟಾಪ್ ಮೊದಲೇ ಇಳಿದು ನಡೆದು ಬಂದಳು. ಶುಕ್ರವಾರ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಡರ್ಖೀಮ್ ಹೆಸರು ಹೇಳಿದೆ. ನಮ್ಮ ಹೊರಗಿದ್ದು ನಮ್ಮನ್ನು ಒತ್ತಾಯ ಮಾಡುವುದೇ ಸಾಮಾಜಿಕ ಸಂಗತಿ ಅಂತ ಅವನು 1895ರಲ್ಲಿ ಬರೆದ. ಹಿಂದೆ ಮೂರು ಪೀರಿಯಡ್ ಹಿಡಿಯುತ್ತಿದ್ದ ಪಾಠ ಅವತ್ತು ಇಪ್ಪತ್ತು ನಿಮಿಷಕ್ಕೆ ಮುಗಿಯಿತು. ಬ್ಯಾಗಿನ ಉದಾಹರಣೆ ನಮ್ಮ ಕ್ಲಾಸಿನದು. ಈಗ ಬೇರೆ ಕಾಲೇಜಿನವರೂ ಹೇಳುತ್ತಾರೆ ಅಂತ ಕೇಳಿ ಖುಷಿಯಾಯಿತು.

ಮಾರ್ಕ್ಸ್‌ಗೆ ಕಷ್ಟವೇ ಆಗಲಿಲ್ಲ. ಕ್ಲಾಸಲ್ಲಿ ಏಳೆಂಟು ಮಕ್ಕಳ ಅಮ್ಮಂದಿರು ಗಾರ್ಮೆಂಟ್ಸ್‌ನಲ್ಲಿದ್ದಾರೆ. ಗಂಟೆಗೆ ಎಷ್ಟು ಪೀಸ್ ಟಾರ್ಗೆಟ್, ದಿನಕ್ಕೆ ಎಷ್ಟು ಕೂಲಿ, ಅದೇ ಶರ್ಟಿಗೆ ಅಂಗಡಿಯಲ್ಲಿ ಎಷ್ಟು ಬೆಲೆ ಅಂತ ಕೇಳಿಕೊಂಡು ಬಂದರು. ಕೂಲಿಗಿಂತ ಹೆಚ್ಚಿನ ದುಡಿಮೆ ಮಾಲೀಕನ ಲಾಭವಾಗುತ್ತದೆ ಅನ್ನುವ ಮಾರ್ಕ್ಸ್ ಮಾತಿನ ಲೆಕ್ಕ ಬೋರ್ಡ್ ಮೇಲೆ ಅವರೇ ಹಾಕಿದರು.

ನಡುವೆ ಇನ್ನೊಂದು ಪ್ರಯೋಗ. ಬರೆಯದ ನಿಯಮ ಮುರಿದರೆ ಏನಾಗುತ್ತದೆ ಅಂತ ನೋಡಲು ಅಮೆರಿಕದಲ್ಲಿ ಸಮಾಜಶಾಸ್ತ್ರಜ್ಞ ಗಾರ್ಫಿಂಕೆಲ್ ತನ್ನ ವಿದ್ಯಾರ್ಥಿಗಳಿಗೆ ಮನೆಯಲ್ಲಿ ಬಾಡಿಗೆಗೆ ಇರುವವರ ಹಾಗೆ ನಡೆದುಕೊಳ್ಳಿ ಅಂದಿದ್ದ. ನಾನೂ ಹೇಳಿದೆ, ಹದಿನೈದು ನಿಮಿಷ ಮಾತ್ರ ಅಂತ. ಒಬ್ಬ ಹುಡುಗ ಊಟಕ್ಕೆ ಕೂತು "ಅಮ್ಮಾ, ನಿಮಗೆ ತೊಂದರೆ ಇಲ್ಲ ಅಂದ್ರೆ ಸ್ವಲ್ಪ ಸಾರು ಬಡಿಸ್ತೀರಾ?" ಅಂದನಂತೆ. ಅಮ್ಮ ಸೌಟು ಕೆಳಗಿಟ್ಟು ಹಣೆ ಮುಟ್ಟಿ ನೋಡಿದರು. ಆಮೇಲೆ ಅತ್ತುಬಿಟ್ಟರು. ಮಾರನೇ ದಿನ ನನಗೇ ಫೋನ್ ಬಂತು. ಆ ಪ್ರಯೋಗ ನಿಲ್ಲಿಸಿದ್ದೇನೆ.

ನೋಟ್‌ಬುಕ್ ಮರೆತು ಬಂದವರಿಗೆ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಕಥೆ ಹೇಳುತ್ತೇನೆ. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿದ್ದು ಮಾಡಿದ ಅಧ್ಯಯನ. ಹದಿನೆಂಟು ವರ್ಷ ತಿದ್ದಿ ಸಿದ್ಧಮಾಡಿದ ಟಿಪ್ಪಣಿಗಳ ಮೂರೂ ಪ್ರತಿ 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಹೋದವು. ಅವರು ನೆನಪಿನಿಂದಲೇ ಪುಸ್ತಕ ಬರೆದರು. "ನೀವೂ ನೆನಪಿಂದ ಬರೀರಿ" ಅಂತ ಕೂರಿಸುತ್ತೇನೆ. ಆಶ್ಚರ್ಯ ಅಂದರೆ, ಹಾಗೆ ಬರೆದ ಪುಟಗಳೇ ಎಷ್ಟೋ ಸಲ ಚೆನ್ನಾಗಿರುತ್ತವೆ. ಬೇಡದ್ದು ತಾನಾಗಿಯೇ ಉದುರಿರುತ್ತದೆ.

ನಾನು ಮಾಡಿದ ದೊಡ್ಡ ತಪ್ಪನ್ನೂ ಹೇಳಬೇಕು. ಜಾತಿ ಪಾಠಕ್ಕೆ ಮುಂಚೆ "ನಿಮ್ಮ ಮನೆಯಲ್ಲಿ ಕೆಲಸದವರ ಲೋಟ ಎಲ್ಲಿಡ್ತೀರಿ, ನೋಡಿ ಬನ್ನಿ" ಅಂದೆ. ಒಳ್ಳೆ ಪ್ರಶ್ನೆ ಅಂತಲೇ ಅಂದುಕೊಂಡಿದ್ದೆ. ಮೂರನೇ ಬೆಂಚಿನ ಹುಡುಗಿ ಆ ವಾರ ಖಾಲಿ ಪುಟ ಕೊಟ್ಟಳು. ಅವಳ ಅಮ್ಮ ನಾಲ್ಕು ಮನೆ ಕೆಲಸ ಮಾಡುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. 'ನಿಮ್ಮ ಮನೆ' ಅಂದಾಗಲೇ ಯಾರ ಮನೆಯನ್ನು ಮನಸ್ಸಲ್ಲಿಟ್ಟುಕೊಂಡಿದ್ದೆ? ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಅವಳೊಬ್ಬಳನ್ನೇ ಕರೆದು ಕ್ಷಮೆ ಕೇಳಿದೆ. ತಿಂಗಳಾದ ಮೇಲೆ ತಾನಾಗಿಯೇ ಒಂದು ಪುಟ ತಂದಳು. ಒಂದು ಮನೆಯಲ್ಲಿ ಲೋಟ ಸಿಂಕಿನ ಕೆಳಗೆ, ಇನ್ನೊಂದರಲ್ಲಿ ಬಾಲ್ಕನಿಯಲ್ಲಿ. ಅಮ್ಮ ಈಗ ತನ್ನದೇ ಸ್ಟೀಲ್ ಲೋಟ ಬ್ಯಾಗಲ್ಲಿಟ್ಟುಕೊಂಡು ಹೋಗುತ್ತಾರೆ. ಆ ಲೋಟದ ಮೇಲೆ ಅಮ್ಮನ ಹೆಸರಿನ ಕೆತ್ತನೆ ಇದೆ. ಅವಳೇ ಎದ್ದು ನಿಂತು ಓದಿದಳು. ಆ ಶುಕ್ರವಾರ ನಾನು ಯಾವ ಚಿಂತಕರ ಹೆಸರೂ ಹೇಳಲಿಲ್ಲ.

ಈಗ ಪ್ರಶ್ನೆ ಬದಲಿಸಿದ್ದೇನೆ: "ಯಾವುದಾದರೂ ಒಂದು ಮನೆಯಲ್ಲಿ ಯಾರು ಯಾವ ಲೋಟದಲ್ಲಿ ಕುಡಿಯುತ್ತಾರೆ?" ಮೊದಲ ದಿನ ಕೇಳುವ ಪ್ರಶ್ನೆ ಬೇರೆ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಮಕ್ಕಳಿಗೆ ಮೊದಲೇ ತಿಳಿದರೆ ಅದು ಕೆಲಸ ಮಾಡಲ್ಲ. ಪುಟಗಳಿಗೆ ಇಂಟರ್ನಲ್ಸ್ ಅಂಕ ಹಾಕುವ ಲೆಕ್ಕವೂ ನನ್ನ ಹತ್ತಿರವೇ ಇರಲಿ.

ಕಳೆದ ಸಲ 62 ಜನ ಪರೀಕ್ಷೆ ಬರೆದರು, ಫೇಲಾದವರು 4 ಅಥವಾ 5. ಸಿಲಬಸ್ ಕೂಡ ಹತ್ತು ದಿನ ಮೊದಲೇ ಮುಗಿದಿತ್ತು. ಅವತ್ತು ಸಿಲಬಸ್ ಯಾರು ಮುಗಿಸ್ತಾರೆ ಅಂದಿದ್ದ ಸಹೋದ್ಯೋಗಿ ಮೊನ್ನೆ ಬಂದು, ನೋಟ್‌ಬುಕ್ ಯಾವ ಅಂಗಡಿಯಲ್ಲಿ ತರ್ತೀರಿ ಅಂತ ಕೇಳಿದರು. ಅವರಿಗೂ ಸೇರಿಸಿ ಈ ಸಲ 130 ತಂದಿದ್ದೇನೆ. ಬೆಲೆ 26 ಆಗಿದೆ.