ಚಳಿಗಾಲಕ್ಕೆ ಹಾರ್ಟ್ ರೆಡಿ ಮಾಡ್ಕೊಳ್ಳೋದು ಹೇಗೆ?

ನಮ್ಮ ಸೋದರಮಾವಂಗೆ ಎರಡು ಸ್ಟೆಂಟ್ (ಹಾರ್ಟಿನ ರಕ್ತನಾಳ ಮುಚ್ಚದಂಗೆ ಹಿಡಿದಿಡೋ ಸಣ್ಣ ಕೊಳವೆ) ಹಾಕಿದ್ದಾರೆ, ಆದ್ರೂ ಡಿಸೆಂಬರ್ ಚಳಿಲಿ ಬೆಳಗ್ಗೆ ಆರಕ್ಕೆಲ್ಲ ಅರ್ಧ ತೋಳಿನ ಟೀ ಶರ್ಟ್ ಹಾಕ್ಕೊಂಡು ಲಾಲ್‌ಬಾಗ್‌ಗೆ ಹೊರಟುಬಿಡ್ತಾರೆ. "ಮಾವ, ಸ್ವೆಟರ್ ಆದ್ರೂ ಹಾಕ್ಕೊಳ್ಳಿ" ಅಂದ್ರೆ "ಇದೇನು ಕಾಶ್ಮೀರನೇನೋ?" ಅಂತಾರೆ. ಬೆಂಗಳೂರಿನವರ ತೊಂದ್ರೆ ಇದೇ, ನಮ್ಮೂರಲ್ಲಿ ಚಳಿನೇ ಇಲ್ಲ ಅನ್ಕೊಂಡಿರೋದು.

ಹಾರ್ಟ್ ಕಾಯಿಲೆಯಿಂದ ಸಾಯೋರ ಲೆಕ್ಕ ವರ್ಷವಿಡೀ ಒಂದೇ ಥರ ಇರಲ್ಲ, ಪ್ರಪಂಚದ ಹೆಚ್ಚಿನ ಕಡೆ ಚಳಿಗಾಲದಲ್ಲಿ ಏರುತ್ತೆ. ಆಸ್ಟ್ರೇಲಿಯಾದಲ್ಲಿ ಚಳಿ ಬರೋದು ಜೂನ್-ಜುಲೈನಲ್ಲಿ, ಅಲ್ಲಿ ಲೆಕ್ಕ ಏರೋದೂ ಆಗಲೇ. ಹಿಮ ಬೀಳೋ ಊರಲ್ಲಿ ಮಾತ್ರ ಅಂತ ಅಂದ್ಕೋಬೇಡಿ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಚಳಿ ಅಂಥಾ ಜೋರೇನಲ್ಲ, ಅಲ್ಲಿ 1985ರಿಂದ 1996ರವರೆಗಿನ 2,20,000ಕ್ಕೂ ಹೆಚ್ಚು ಹಾರ್ಟ್ ಸಾವುಗಳನ್ನ ಲೆಕ್ಕ ಹಾಕಿ ನೋಡಿದ್ರೆ ಜೂನ್-ಸೆಪ್ಟೆಂಬರ್‌ಗಿಂತ ಡಿಸೆಂಬರ್-ಜನವರಿಲಿ ಸುಮಾರು ಮೂರನೇ ಒಂದು ಪಾಲು ಜಾಸ್ತಿ ಇತ್ತು. ಬರೀ ಹಾರ್ಟ್ ಅಲ್ಲ, ಒಟ್ಟು ಸಾವು ತಗೊಂಡ್ರೂ ಚಳಿಗಾಲದ ಏರಿಕೆ ಫಿನ್ಲೆಂಡ್‌ಗಿಂತ ಬೆಚ್ಚಗಿನ ಪೋರ್ಚುಗಲ್‌ನಲ್ಲೇ ಜಾಸ್ತಿ ಕಂಡಿದೆ, ಯಾಕಂದ್ರೆ ಚಳಿ ದೇಶದವರು ಮನೆನೂ ಬೆಚ್ಚಗೆ ಕಟ್ತಾರೆ, ಮೈಮೇಲೂ ಬೆಚ್ಚಗೆ ಹಾಕ್ತಾರೆ. ನಮ್ಮ ಮನೆಗಳು ಗಾಳಿ ಆಡ್ಲಿ ಅಂತ ಕಟ್ಟಿದ್ದು, ಕೆಳಗೆ ಗ್ರಾನೈಟ್, ಮೇಲೆ ವೆಂಟಿಲೇಟರ್. ಜನವರಿ ರಾತ್ರಿ ಇಲ್ಲಿ 15-16 ಡಿಗ್ರಿ ಮಾಮೂಲಿ, 1884ರ ಜನವರಿಲಿ 7.8ಕ್ಕೂ ಇಳಿದಿತ್ತು.

ಒಳಗೆ ಆಗೋದೇನು ಅಂದ್ರೆ, ಚಳಿ ತಾಗಿದ ತಕ್ಷಣ ಚರ್ಮದ ರಕ್ತನಾಳ ಬಿಗಿಯಾಗುತ್ತೆ, ಬಿಪಿ ಏರುತ್ತೆ, ಹಾರ್ಟ್‌ಗೆ ಕೆಲಸ ಜಾಸ್ತಿ, ಜೊತೆಗೆ ರಕ್ತನೂ ಸ್ವಲ್ಪ ಮಂದ ಆಗಿ ಹೆಪ್ಪುಗಟ್ಟೋದು ಸುಲಭ ಆಗುತ್ತೆ.

ಈಗ ಮಾಡೋದೇನು ಅಂತ ನೋಡೋಣ.

ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ದೀಪಾವಳಿಗೆ ಶುರು ಮಾಡಿ ಶಿವರಾತ್ರಿವರೆಗೆ ಬಿಪಿ ಬರೀರಿ. ಬೆಳಗ್ಗೆ ಎದ್ದು ಬಾತ್‌ರೂಮಿಗೆ ಹೋಗಿಬಂದ ಮೇಲೆ, ಮಾತ್ರೆ ತಿಂಡಿ ಕಾಫಿ ಎಲ್ಲಕ್ಕೂ ಮುಂಚೆ, ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೂರಿ, ಐದು ನಿಮಿಷ ಮಾತಾಡದೆ ಕೂತು (ನಮ್ಮ ಮಾವಂಗೆ ಕಷ್ಟ ಆಗಿದ್ದು ಇದೊಂದೇ) ತೋಳು ಎದೆ ಮಟ್ಟಕ್ಕಿಟ್ಟು ನೋಡಿ, ಒಂದು ನಿಮಿಷ ಬಿಟ್ಟು ಇನ್ನೊಂದ್ಸಲ ನೋಡಿ, ಎರಡನ್ನೂ ಬರೀರಿ. ಸಂಜೆನೂ ಹಾಗೇ. ಚಳಿಗಾಲದಲ್ಲಿ ಮೇಲಿನ ನಂಬರ್ ಸರಾಸರಿ 5ರಷ್ಟು ಏರೋದು ಸಾಮಾನ್ಯ, ಆದ್ರೆ ದಿನಾ 135/85 ದಾಟ್ತಿದ್ರೆ ಬುಕ್ ತಗೊಂಡು ಡಾಕ್ಟರ್ ಹತ್ರ ಹೋಗಿ. ಪಕ್ಕದ್ಮನೆಯವರ ಮಾತು ಕೇಳಿ ಮಾತ್ರೆ ಜಾಸ್ತಿ ಕಮ್ಮಿ ಮಾಡ್ಕೋಬೇಡಿ.

ಎರಡನೇದು ಬೆಳಗಿನ ಹೊತ್ತು. ಹಾರ್ಟ್ ಅಟ್ಯಾಕ್ ಹೆಚ್ಚಾಗಿ ಆಗೋದೇ ಬೆಳಗ್ಗೆ 6ರಿಂದ 12ರೊಳಗೆ, ಅದ್ರ ಮೇಲೆ ಚಳಿ ಬೇರೆ. ಹಂಗಂತ ವಾಕಿಂಗ್ ಬಿಡಬೇಡಿ, ಬಿಸಿಲು ಬಂದ್ಮೇಲೆ ಹೊರಡಿ. ಕಿವಿ ಮುಚ್ಚೋ ಟೋಪಿ ಹಾಕ್ಕೊಳ್ಳಿ, ಮಂಕಿ ಕ್ಯಾಪ್ ನೋಡಿ ನಗೋರು ನಗ್ಲಿ. ಮೊದಲ ಹತ್ತು ನಿಮಿಷ ನಿಧಾನಕ್ಕೆ.

ಧನುರ್ಮಾಸದ ವಿಷಯ ಸ್ವಲ್ಪ ಸೂಕ್ಷ್ಮ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ, ಅಂದ್ರೆ ಸರಿಯಾಗಿ ಚಳಿ ಜೋರಾಗಿರೋ ತಿಂಗಳಲ್ಲೇ, ನಾವು ಬೆಳಗಿನ ಜಾವ ಎದ್ದು ತಲೆಗೆ ನೀರು ಹಾಕ್ಕೊಂಡು ದೇವಸ್ಥಾನಕ್ಕೆ ಓಡ್ತೀವಿ, ವೈಕುಂಠ ಏಕಾದಶಿ ಕ್ಯೂ ಬೇರೆ, ಮಾಲೆ ಹಾಕಿರೋರು ತಣ್ಣೀರೇ ಸುರ್ಕೊತಾರೆ. ಭಕ್ತಿಗೆ ನಾನು ಅಡ್ಡ ಬರಲ್ಲ. ಸ್ಟೆಂಟ್, ಬೈಪಾಸ್ ಆಗಿರೋರು ಬಿಸಿನೀರು ಹಾಕ್ಕೊಳ್ಳಿ, ಕಾಲಿನಿಂದ ಶುರು ಮಾಡಿ, ಒದ್ದೆ ಮೈಲಿ ನಿಲ್ಲಬೇಡಿ. ಹುಗ್ಗಿ ಎಂಟು ಗಂಟೆಗೂ ಸಿಗುತ್ತೆ.

ಊಟದ ಬಗ್ಗೆ ಒಂದೇ ಮಾತು: ಅವರೆಕಾಯಿ ಸಾರು ತಿನ್ನಿ, ಅವರೆಕಾಳು ಮಿಕ್ಸ್ಚರ್ ಪೊಟ್ಟಣ ದೂರ ಇಡಿ, ಉಪ್ಪು ಬಿಪಿ ಏರಿಸುತ್ತೆ.

ಫ್ಲೂ ಜ್ವರನ ಹಗುರವಾಗಿ ತಗೋಬೇಡಿ. ಕೆನಡಾದ ಒಂಟಾರಿಯೊದಲ್ಲಿ ಮಾಡಿ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಫ್ಲೂ ಅಂತ ಗೊತ್ತಾದ ಮೊದಲ ವಾರ ಹಾರ್ಟ್ ಅಟ್ಯಾಕ್ ಸಾಧ್ಯತೆ ಆರು ಪಟ್ಟು. ವರ್ಷಕ್ಕೊಂದ್ಸಲ ಫ್ಲೂ ಲಸಿಕೆ ಹಾಕಿಸ್ಕೊಳ್ಳೋ ಬಗ್ಗೆ ಡಾಕ್ಟರನ್ನ ಕೇಳಿ. ನಮ್ಮಲ್ಲಿ ಮಳೆಗಾಲದಲ್ಲೂ ಫ್ಲೂ ಜೋರಾಗಿರುತ್ತೆ ಅನ್ನೋದು ನೆನಪಿರ್ಲಿ.

ಎದೆ ಹಿಂಡಿದಂಗೆ ಆಗೋದು, ದವಡೆ, ಎಡಗೈ, ಬೆನ್ನಿಗೆ ನೋವು ಹರಡೋದು, ತಣ್ಣನೆ ಬೆವರು, ಏದುಸಿರು, ಇವು ಹಾರ್ಟ್ ಅಟ್ಯಾಕ್ ಲಕ್ಷಣ. ಶುಗರ್ ಇರೋರಿಗೆ, ಕೆಲವು ಹೆಂಗಸರಿಗೆ ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ. ಇದನ್ನ ಗ್ಯಾಸ್ ಅಂತ ಸೋಡಾ ಕುಡಿದು ಮಲಗೋರೇ ಜಾಸ್ತಿ! ತಕ್ಷಣ 108ಕ್ಕೆ ಫೋನ್ ಮಾಡಿ, ತಾನೇ ಸ್ಕೂಟರ್ ಓಡಿಸ್ಕೊಂಡು ಹೋಗೋ ಸಾಹಸ ಬೇಡ, ಇಸಿಜಿ ಇರೋ ಹತ್ತಿರದ ಆಸ್ಪತ್ರೆಗೆ ಹೋಗಿ. ಸಂಕ್ರಾಂತಿಗೆ ಊರಿಗೆ ಹೋದಾಗ ಹಿಂಗಾದ್ರೆ ಬೆಂಗಳೂರಿಗೇ ಬರಬೇಕು ಅಂತ ಹೊತ್ತು ಕಳೀಬೇಡಿ, ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿರೋ ತಾಲೂಕು ಆಸ್ಪತ್ರೆಲಿ ಇಸಿಜಿ ತೆಗೆದು, ಬೇಕಿದ್ರೆ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಫ್ರೀಯಾಗಿ ಕೊಡ್ತಾರೆ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋದ್ಮೇಲೂ ನೋಟ್‌ಬುಕ್ ಎಸೀಬೇಡಿ, ಯಾಕಂದ್ರೆ ಏಪ್ರಿಲ್ ಸೆಕೆಗೆ ಬಿಪಿ ಇಳಿಯುತ್ತೆ, ಚಳಿಗೆ ಅಂತ ಏರಿಸಿದ ಮಾತ್ರೆ ಆಗ ತಲೆ ಸುತ್ತಿಸಬಹುದು, ಬೆವರಿ ನೀರು ಕಮ್ಮಿಯಾದ್ರೂ ರಕ್ತ ಮಂದ ಆಗುತ್ತೆ. ಮೂತ್ರ ಹೋಗೋ ಮಾತ್ರೆ ತಗೊಳ್ಳೋರು, ನೀರು ಅಳೆದು ಕುಡೀಬೇಕಾದ ಹಾರ್ಟ್ ಫೇಲ್ಯೂರ್ (ಹಾರ್ಟ್ ಸರಿಯಾಗಿ ಪಂಪ್ ಮಾಡದೆ ಇರೋದು) ಇರೋರು, ಬೇಸಿಗೆಗೆ ಎಷ್ಟು ನೀರು ಅಂತ ಮಾರ್ಚ್‌ನಲ್ಲೇ ಕೇಳಿಟ್ಕೊಳ್ಳಿ.

ಮಾವ ಈಗ ಏಳೂವರೆಗೆ ಹೊರಡ್ತಾರೆ, ಸ್ವೆಟರ್ ಹಾಕ್ಕೊಂಡೇ. ಆದ್ರೆ ಅಷ್ಟೊತ್ತಿಗೆ ಅವರ ಗ್ಯಾಂಗ್ ವಾಕ್ ಮುಗಿಸಿ ದೋಸೆ ತಿನ್ನೋಕೆ ಹೋಗಿರುತ್ತೆ, ಅದಕ್ಕೆ ನನ್ನ ಮೇಲೆ ಇನ್ನೂ ಕೋಪ.