ಮಳೆಗೆ ಕೂತ ಅಂಗಳ, ಕಂಟ್ರಾಕ್ಟರ್ ಜತೆ ನಡೆದ ವ್ಯಾಜ್ಯ

ಮಡಿಕೇರಿ ಹತ್ತಿರ ನಮ್ಮ ಮನೆ ಇರೋದು ಇಳಿಜಾರಿನಲ್ಲಿ. ಅಂಗಳದ ಅರ್ಧ ಭಾಗ ಬರೆ (ಗುಡ್ಡದ ಏರು) ಕಡಿದು ಮಾಡಿದ್ದು, ಇನ್ನರ್ಧ ಮಣ್ಣು ತುಂಬಿಸಿದ್ದು. ಸಂಜೆ ಕೂರೋಕೆ ಒಂದು ಜಾಗ ಆಗಲಿ ಅಂತ, ಗಾರ್ಡನ್ ಕೆಲಸ ಮಾಡಿಸುವ ಕಂಟ್ರಾಕ್ಟರ್ ಒಬ್ಬರಿಗೆ ಇಂಟರ್‌ಲಾಕ್ ಬ್ಲಾಕ್ ಹಾಕಲು ಕೊಟ್ಟೆವು. ಏಪ್ರಿಲ್‌ನಲ್ಲಿ ಕೆಲಸ ಮುಗಿಯಿತು. ನೋಡೋಕೆ ಚೆಂದವೇ ಇತ್ತು. ಜುಲೈ ಮಳೆ ಹಿಡಿದದ್ದೇ ತಡ, ಮಣ್ಣು ತುಂಬಿಸಿದ ಕಡೆ ಬ್ಲಾಕ್‌ಗಳು ಕುಸಿದು ಕೂತವು. ಮನೆ ಕಡೆಯ ನೀರು ಹೊರಗೆ ಹರಿಯುವ ಬದಲು ಗೋಡೆ ಬುಡಕ್ಕೇ ಬಂತು.

ಕಂಟ್ರಾಕ್ಟರ್ ಬಂದು ನೋಡಿ, "ಮೇಡಂ, ಇದು ಕೊಡಗಿನ ಮಳೆ. ನಿಮ್ಮ ಜಾಗವೇ ಜಾರ್ತಿದೆ, ನಾನೇನ್ ಮಾಡ್ಲಿ?" ಅಂದರು. 2018ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡ ಕುಸಿದದ್ದನ್ನು ನೋಡಿದವರಿಗೆ ಈ ಮಾತು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಅದು ಅವರಿಗೂ ಚೆನ್ನಾಗಿ ಗೊತ್ತು.

ಹಾಗಾಗಿ ಮೊದಲು ನೋಡಿದ್ದು ಅದನ್ನೇ. ಜಾಗ ಜಾರುತ್ತಿದ್ದರೆ ತಡೆಗೋಡೆಯಲ್ಲಿ ಬಿರುಕು ಬರಬೇಕು, ಇಲ್ಲವೇ ಉಬ್ಬಬೇಕು. ಆಚೆಯ ನೆಲ ಸೀಳಬೇಕು, ಮರ ವಾಲಬೇಕು. ಇಲ್ಲಿ ಒಂದೂ ಇರಲಿಲ್ಲ. ಕುಸಿತ ಸರಿಯಾಗಿ ಬ್ಲಾಕ್ ಮುಗಿಯುವಲ್ಲಿಗೇ ನಿಂತಿತ್ತು. ಅದರಾಚೆಯ ಹುಲ್ಲುನೆಲ ಇದ್ದ ಹಾಗೇ ಇತ್ತು. ಅಂದ ಮೇಲೆ ತೊಂದರೆ ಇರೋದು ಬ್ಲಾಕ್ ಅಡಿಯಲ್ಲೇ ಅಲ್ವಾ?

ಮಳೆ ಹೊಳವಾದ ಒಂದು ಬೆಳಗ್ಗೆ ಕಂಟ್ರಾಕ್ಟರನ್ನೂ ಅವರ ಮೇಸ್ತ್ರಿಯನ್ನೂ ಕರೆಸಿ, ಅವರೆದುರಿಗೇ ಕೆಲವು ಬ್ಲಾಕ್ ಎಬ್ಬಿಸಿದೆವು. ಸುಮ್ನೆ ಫೋನಿನಲ್ಲಿ ಕಿತ್ತಾಡುವ ಬದಲು ಇದನ್ನೇ ಮೊದಲು ಮಾಡಬೇಕು. ಕೊಟೇಶನ್‌ನಲ್ಲಿ ಬರೆದಿದ್ದು 6 ಇಂಚು ಜಲ್ಲಿ, ಕಾಂಪ್ಯಾಕ್ಟರ್ ಹಾಕಿ ಗಟ್ಟಿ ಮಾಡುವುದು, ಮೇಲೆ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು). ಎಂ-ಸ್ಯಾಂಡ್ ಏನೋ ಇತ್ತು. ಅದನ್ನು ಕೆರೆದರೆ ಜಲ್ಲಿ ಅಲ್ಲೊಂದು ಇಲ್ಲೊಂದು, ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ. ಕೆಳಗೆ ಬರೀ ಕೆಂಪು ಮಣ್ಣು. ಒತ್ತಿದರೆ ಹೆಬ್ಬೆರಳು ಒಳಗೇ ಹೋಯಿತು. ಟೇಪ್ ಇಟ್ಟು ಫೋಟೋ ತೆಗೆದೆ. ಮೇಸ್ತ್ರಿ ಪಾಪ, "ಜಲ್ಲಿ ಒಂದೇ ಲೋಡ್ ಬಂದಿದ್ದಲ್ವಾ ಸಾರ್" ಅಂತ ಕಂಟ್ರಾಕ್ಟರಿಗೇ ಹೇಳಿಬಿಟ್ಟರು. ಅಂಚಿಗೆ ಕಾಂಕ್ರೀಟ್ ಕಟ್ಟೆಯೂ ಇರಲಿಲ್ಲ. ಅದಿಲ್ಲದಿದ್ದರೆ ಬ್ಲಾಕ್‌ಗಳು ಮೆಲ್ಲಗೆ ಹೊರಕ್ಕೆ ಸರಿಯುತ್ತವೆ, ಸಂದಿಯ ಮರಳು ತೊಳೆದು ಹೋಗುತ್ತದೆ.

ಇಳಿಜಾರನ್ನು ಟ್ಯೂಬ್ ಲೆವೆಲ್‌ನಲ್ಲಿ (ಮಟ್ಟ ನೋಡುವ ನೀರು ತುಂಬಿದ ಪೈಪ್) ನೋಡಿದೆವು. ನಮ್ಮ ಮಳೆಗೆ 10 ಅಡಿಗೆ ಎರಡು ಇಂಚಾದರೂ ಹೊರಕ್ಕೆ ತಗ್ಗಿರಬೇಕು. ಗೋಡೆ ಪಕ್ಕ ಅದು ಒಳಕ್ಕೇ ಇತ್ತು.

ಅಷ್ಟಾದರೂ ಕಂಟ್ರಾಕ್ಟರ್ ಕೊನೆ ಕಂತು ಕೇಳೋದು ಬಿಡಲಿಲ್ಲ. ನಾನು ಕೊಡಲಿಲ್ಲ. ಫೋಟೋ, ಕೊಟೇಶನ್ ಪ್ರತಿ ಇಟ್ಟು ಸ್ಪೀಡ್ ಪೋಸ್ಟಿನಲ್ಲಿ ಒಂದು ಪತ್ರ ಕಳಿಸಿದೆ. ಬೈಗುಳ ಇಲ್ಲ. ಏನು ಒಪ್ಪಿದ್ದು, ಏನು ಸಿಕ್ಕಿದ್ದು, ಏನು ಸರಿಮಾಡಬೇಕು, ಯಾವ ತಾರೀಕಿನೊಳಗೆ, ಅಷ್ಟೇ. ಇಲ್ಲದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗ್ತೀನಿ ಅಂತಲೂ ಬರೆದೆ. 2019ರ ಗ್ರಾಹಕರ ರಕ್ಷಣಾ ಕಾಯ್ದೆಯಲ್ಲಿ ಇಂಥದ್ದು ಸೇವೆಯ ಕೊರತೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇಬೇಕು ಅಂತಿಲ್ಲ. 2 ವರ್ಷದೊಳಗೆ ದೂರು ಕೊಡಬೇಕು. ಏನೂ ತೋಚದಿದ್ದರೆ 1915ಕ್ಕೆ ಫೋನ್ ಮಾಡಿ ಕೇಳಬಹುದು.

ಪತ್ರ ಮುಟ್ಟಿದ ಮೇಲೆ ಅವರ ದನಿ ಬದಲಾಯಿತು. ಬಂದು ಕೂತು ಮಾತಾಡಿದರು. ತುಂಬಿಸಿದ ಕಡೆಯ ಬ್ಲಾಕ್ ಪೂರ್ತಿ ತೆಗೆದು, ಪದರ ಪದರವಾಗಿ ಗಟ್ಟಿಮಾಡಿ, ಜಲ್ಲಿ ಹಾಕಿ, ಅಂಚು ಕಟ್ಟಿಕೊಡುವುದು ಅವರ ಖರ್ಚಿನಲ್ಲಿ. ಗೋಡೆ ಪಕ್ಕ ಇಳಿಜಾರು ಸರಿಮಾಡುವುದೂ ಅವರದ್ದೇ. ಹೊಸ ಚರಂಡಿ ಕೊಟೇಶನ್‌ನಲ್ಲಿ ಇರಲಿಲ್ಲ, ಅದರ ಖರ್ಚು ನಿಮ್ಮದು ಅಂದರು. ಆ ಮಾತು ನ್ಯಾಯವೇ, ಒಪ್ಪಿದೆ.

ಆಗಲೇ ಶುರು ಮಾಡ್ತೀನಿ ಅಂದಾಗ ನಾನೇ ಬೇಡ ಅಂದೆ. ನೆನೆದ ಕೆಂಪು ಮಣ್ಣನ್ನು ಎಷ್ಟು ಕುಟ್ಟಿದರೂ ಗಟ್ಟಿಯಾಗಲ್ಲ. ಮಳೆ ಬಿಟ್ಟು ಮಣ್ಣು ಆರಬೇಕು. ಹಾಗಂತ ಜಾಸ್ತಿ ತಡಮಾಡಿ ಕಾಫಿ ಕುಯ್ಲು ಶುರುವಾದರೆ ಆಳು ಸಿಗಲ್ಲ. ಆ ಮಧ್ಯದ ಸಂದಿಯಲ್ಲೇ ಕೆಲಸ ಮುಗಿಸಿದರು. ಜಲ್ಲಿ ಬೀಳುವಾಗ ಈ ಸಲ ನಾನು ಟೇಪ್ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

ಕೊನೆ ಕಂತಿನಲ್ಲಿ ಅರ್ಧ ಆಗಲೇ ಕೊಟ್ಟೆ. ಉಳಿದದ್ದು ಮುಂದಿನ ಕಕ್ಕಡ (ಕೊಡಗಿನಲ್ಲಿ ಜೋರು ಮಳೆಯ ತಿಂಗಳು) ಕಳೆದ ಮೇಲೆ ಅಂತ ಕಾಗದದಲ್ಲಿ ಬರೆದೆವು. ಗೊಣಗುತ್ತಲೇ ಸಹಿ ಹಾಕಿದರು.